ಫಿಕ್ಸ್ ಬಂದರೆ ಸಾಕೇ? ರೋವರ್, ಕಾರ್ಸ್ ಮತ್ತು ಹೊಲದ ಬಾಂದುಕಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳ್ಳಿಯ ಮನೆಜಾಗಗಳನ್ನು ಡ್ರೋನ್ ಬಳಸಿ ಅಳೆಯುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದ ಮೇಲೆ ಸರ್ವೆ ಆಫ್ ಇಂಡಿಯಾದ ಕಾರ್ಸ್ ಠಾಣೆಗಳು ಕರ್ನಾಟಕದಲ್ಲೂ ಎದ್ದವು. 2021ರ ಫೆಬ್ರವರಿ 15ರ ಭೂದತ್ತಾಂಶ ಮಾರ್ಗಸೂಚಿ ಬಂದದ್ದೇ ಖಾಸಗಿ ಸರ್ವೇಯರರಿಗೂ ಈ ಸೇವೆಯ ಬಾಗಿಲು ತೆರೆಯಿತು. ಕಾರ್ಸ್ ಎಂದರೆ ಹಗಲು ರಾತ್ರಿ ಚಾಲೂ ಇರುವ, ಕೂತ ಜಾಗ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿರುವ ಉಪಗ್ರಹ ರಿಸೀವರುಗಳ ಜಾಲ. ತಮಗೆ ಕಾಣುವ ಉಪಗ್ರಹಗಳ ತಪ್ಪೆಷ್ಟು ಎಂಬುದನ್ನು ಅವು ಕ್ಷಣಕ್ಷಣಕ್ಕೂ ಕೇಂದ್ರಕ್ಕೆ ಕಳಿಸುತ್ತವೆ. ಅಲ್ಲಿಂದ ಆ ತಿದ್ದುಪಡಿ ಇಂಟರ್ನೆಟ್ ಮೂಲಕ ನಿಮ್ಮ ರೋವರಿಗೆ, ಅಂದರೆ ಕೋಲಿನ ಮೇಲೆ ಹಿಡಿದು ಹೊಲದಲ್ಲಿ ಓಡಾಡುವ ರಿಸೀವರಿಗೆ, ಬರುತ್ತದೆ. ತಿದ್ದುಪಡಿಯಿಲ್ಲದ ಸ್ಥಾನಕ್ಕೆ ಪರದೆ ‘ಸಿಂಗಲ್’ ಎನ್ನುತ್ತದೆ, ತಿದ್ದುಪಡಿ ಬಂದೂ ಇನ್ನೂ ಗಟ್ಟಿಯಾಗದ್ದಕ್ಕೆ ‘ಫ್ಲೋಟ್’, ಸೆಂಟಿಮೀಟರ್ ಮಟ್ಟಕ್ಕೆ ಕೂತದ್ದಕ್ಕೆ ‘ಫಿಕ್ಸ್’. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚು ಜನರಿಗೆ ಬೇಕಾದವನ್ನು ಇಲ್ಲಿ ಆಯ್ದಿದ್ದೇವೆ.

ಪ್ರಶ್ನೆ (ಸೇಡಂ): ಹೊಸ ರೋವರ್ ಕೊಂಡು ಕಾರ್ಸ್ ಖಾತೆ ತೆರೆದಿದ್ದೇವೆ. ಐಪಿ, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಹಾಕಿದೆವು. ‘ಕನೆಕ್ಟೆಡ್’ ಅಂತ ಹಸಿರು ಬರುತ್ತದೆ, ಆದರೆ ಸಿಂಗಲ್ ಬಿಟ್ಟು ಮುಂದಕ್ಕೆ ಹೋಗುವುದೇ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ‘ಕನೆಕ್ಟೆಡ್’ ಎಂಬ ಹಸಿರನ್ನು ನಂಬಬೇಡಿ. ಕೆಲವು ಆ್ಯಪ್‌ಗಳಲ್ಲಿ ಅದು ಫೋನಿಗೂ ರಿಸೀವರಿಗೂ ಬ್ಲೂಟೂತ್ ಕೂಡಿದೆ ಅಂತ ಮಾತ್ರ ಹೇಳುತ್ತದೆ. ಇನ್ನು ಕೆಲವದರಲ್ಲಿ ಸರ್ವರ್ ಬಾಗಿಲು ತೆರೆದಿದೆ ಅಂತ. ತಿದ್ದುಪಡಿ ಹರಿದು ಬರುತ್ತಿದೆಯೇ ಎಂಬುದನ್ನು ಹೇಳುವುದು ಎರಡೇ: ಒಂದು, ಬಂದ ಬೈಟ್‌ಗಳ ಎಣಿಕೆ, ಅದು ಪ್ರತಿ ಸೆಕೆಂಡಿಗೆ ಏರುತ್ತಿರಬೇಕು. ಇನ್ನೊಂದು, ತಿದ್ದುಪಡಿಯ ವಯಸ್ಸು, ಅಂದರೆ ‘ಏಜ್’; ಅದು 1 ಅಥವಾ 2 ಸೆಕೆಂಡಿನಲ್ಲಿ ಆಡುತ್ತಿರಬೇಕು. ಬೈಟ್ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ತೊಂದರೆ ರಿಸೀವರಿನದಲ್ಲ, ಅದಕ್ಕೂ ಮುಂಚಿನ ಹಾದಿಯದು.

ಮೊದಲು ಇಂಟರ್ನೆಟ್ ಯಾರ ಕೈಯಲ್ಲಿದೆ ನೋಡಿ. ಸಿಮ್ ರಿಸೀವರಿನೊಳಗೆ ಇದ್ದರೆ ಆ್ಯಪ್‌ನ ಡೇಟಾಲಿಂಕ್ ‘ರಿಸೀವರ್ ಇಂಟರ್ನೆಟ್’ ಆಗಿರಬೇಕು. ಸಿಮ್ ಫೋನಿನಲ್ಲಿದ್ದರೆ ‘ಫೋನ್ ಇಂಟರ್ನೆಟ್’. ಇದು ಅದಲುಬದಲಾದರೆ ಉಳಿದದ್ದೆಲ್ಲ ಸರಿ ಇದ್ದೂ ಏನೂ ಬರುವುದಿಲ್ಲ. ರಿಸೀವರಿನೊಳಗೆ ಸಿಮ್ ಹಾಕುವವರು ಎಪಿಎನ್, ಅಂದರೆ ಸಿಮ್ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು, ಬರೆಯಲೇಬೇಕು: ಜಿಯೋಗೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಸಿಮ್‌ಗೆ ಪಿನ್ ಲಾಕ್ ಇದ್ದರೆ ಮೊದಲು ಫೋನಿನಲ್ಲಿ ಹಾಕಿ ತೆಗೆಯಿರಿ. ಸೆಕೆಂಡ್‌ಹ್ಯಾಂಡ್ ರಿಸೀವರ್ ಕೊಂಡವರು ಒಳಗಿನ ಮೋಡೆಮ್ 3ಜಿಯದೋ 4ಜಿಯದೋ ಕೇಳಿಕೊಳ್ಳಿ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಹಳೆ ಮೋಡೆಮ್ ಅದನ್ನು ಹಿಡಿಯುವುದಿಲ್ಲ. ಅಂಥವರಿಗೆ ಫೋನಿನ ಹಾಟ್‌ಸ್ಪಾಟೇ ದಾರಿ.

ಆಮೇಲೆ ಸರ್ವರಿನ ವಿಳಾಸ. ಖಾತೆಯಲ್ಲಿ ಕೊಟ್ಟ ಐಪಿಯನ್ನು ಇದ್ದಂತೆಯೇ ಹಾಕಿ, ಮುಂದೆ ‘ಎಚ್‌ಟಿಟಿಪಿ’ ಸೇರಿಸಬೇಡಿ. ಇಂಟರ್ನೆಟ್ ಮೇಲೆ ತಿದ್ದುಪಡಿ ಸಾಗಿಸುವ ಪದ್ಧತಿಗೆ ಎನ್‌ಟ್ರಿಪ್ ಎನ್ನುತ್ತಾರೆ. ಅದಕ್ಕೆ ರೂಢಿಯ ಪೋರ್ಟ್ 2101, ಆದರೆ ನಿಮ್ಮ ಖಾತೆಯಲ್ಲಿ ಬೇರೆ ಕೊಟ್ಟಿದ್ದರೆ ಅದೇ ಪ್ರಮಾಣ. ವಾಟ್ಸ್ಆ್ಯಪ್‌ನಿಂದ ಪಾಸ್‌ವರ್ಡ್ ಕಾಪಿ ಮಾಡಿ ಅಂಟಿಸುವಾಗ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಳ್ಳುವುದುಂಟು. ಕಣ್ಣಿಗೆ ಕಾಣುವುದಿಲ್ಲ, ಸರ್ವರ್ ಮಾತ್ರ ಒಪ್ಪುವುದಿಲ್ಲ. ಕೈಯಿಂದಲೇ ಬರೆಯಿರಿ.

ಈಗ ‘ಸೋರ್ಸ್‌ಟೇಬಲ್’ ಇಳಿಸಿಕೊಳ್ಳಿ. ಅದು ಸರ್ವರಿನಲ್ಲಿ ಸಿಗುವ ತಿದ್ದುಪಡಿಗಳ ಪಟ್ಟಿ, ಒಂದೊಂದಕ್ಕೂ ‘ಮೌಂಟ್‌ಪಾಯಿಂಟ್’ ಎಂದು ಹೆಸರು. ಪಟ್ಟಿ ಬಂದರೆ ಇಂಟರ್ನೆಟ್, ಐಪಿ, ಪೋರ್ಟ್ ಮೂರೂ ಸರಿ ಎಂದಾಯಿತು. ಪಟ್ಟಿಯಿಂದಲೇ ಹೆಸರು ಆರಿಸಿ, ಬೆರಳಲ್ಲಿ ಬರೆಯಬೇಡಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವಾದರೂ ಅನೇಕ ಸರ್ವರುಗಳು ತಿದ್ದುಪಡಿಯ ಬದಲು ಮತ್ತೆ ಪಟ್ಟಿಯನ್ನೇ ಕಳಿಸುತ್ತವೆ. ಆಗ ಬೈಟ್ ಎಣಿಕೆ ಒಮ್ಮೆ ಜಿಗಿದು ನಿಂತುಬಿಡುತ್ತದೆ. ಈ ಜಿಗಿತ ಕಂಡರೆ ಹೆಸರು ತಪ್ಪಿದೆ ಎಂದೇ ತಿಳಿಯಿರಿ. ಲಾಗ್‌ನಲ್ಲಿ ‘401’ ಬಂದರೆ ಯೂಸರ್‌ನೇಮ್, ಪಾಸ್‌ವರ್ಡ್ ತಪ್ಪು, ಇಲ್ಲವೇ ಅವಧಿ ಮುಗಿದಿದೆ. ಅದೇ ಖಾತೆಯಲ್ಲಿ ಇನ್ನೊಂದು ರೋವರ್ ಓಡುತ್ತಿದ್ದರೂ ಸರ್ವರ್ ನಿಮ್ಮನ್ನು ಹೊರಗಿಡಬಹುದು. ‘200 ಓಕೆ’ ಬಂದರೆ ಒಳಗೆ ಬಿಟ್ಟಿದ್ದಾರೆ.

ಒಳಗೆ ಬಿಟ್ಟೂ ಏನೂ ಬರುತ್ತಿಲ್ಲ ಎಂದರೆ, ನಿಮ್ಮ ವಿವರಣೆ ನೋಡಿದರೆ ತೊಂದರೆ ಇಲ್ಲೇ ಇರುವಂತಿದೆ. ನೆಟ್‌ವರ್ಕ್ ತಿದ್ದುಪಡಿಯಲ್ಲಿ ಕೇಂದ್ರದ ಕಂಪ್ಯೂಟರ್ ನಿಮ್ಮ ಪಕ್ಕದಲ್ಲೇ ಒಂದು ಠಾಣೆ ಇದ್ದಂತೆ ಲೆಕ್ಕ ಹಾಕಿ ಕಳಿಸುತ್ತದೆ. ಇದಕ್ಕೆ ವಿಆರ್‌ಎಸ್ ಎನ್ನುತ್ತಾರೆ. ನೀವು ಎಲ್ಲಿದ್ದೀರಿ ಎಂದು ನೀವೇ ಹೇಳದ ಹೊರತು ಅದಕ್ಕೆ ಲೆಕ್ಕ ಶುರು ಮಾಡಲಾಗದು. ಹೇಳುವುದು ಜಿಜಿಎ ಎಂಬ ಒಂದು ಸಾಲಿನ ಸಂದೇಶ. ಸೆಟ್ಟಿಂಗ್‌ನಲ್ಲಿ ‘ಸೆಂಡ್ ಜಿಜಿಎ’ ಆನ್ ಮಾಡಿ, 5 ಅಥವಾ 10 ಸೆಕೆಂಡಿಗೊಮ್ಮೆ ಹೋಗಲಿ. ಆಫೀಸಿನ ಸ್ಲ್ಯಾಬಿನ ಕೆಳಗೆ ಕೂತು ಪರೀಕ್ಷೆ ಮಾಡಿದರೆ ರಿಸೀವರಿಗೆ ಉಪಗ್ರಹವೇ ಕಾಣದು, ಜಿಜಿಎ ಖಾಲಿ ಹೋಗುತ್ತದೆ, ಸರ್ವರ್ ಸುಮ್ಮನಿರುತ್ತದೆ. ಮಾಳಿಗೆ ಹತ್ತಿ, ಮೊದಲು ‘ಸಿಂಗಲ್’ ಬರಲಿ, ಆಮೇಲೆ ಕನೆಕ್ಟ್ ಒತ್ತಿ.

ಜಿಜಿಎ ಸಾಲನ್ನು ಓದಲು ಕಲಿತರೆ ಅರ್ಧ ತೊಂದರೆ ತಾನೇ ಗೊತ್ತಾಗುತ್ತದೆ. ಆ್ಯಪ್‌ನ ಟರ್ಮಿನಲ್ ತೆರೆದರೆ ಅಲ್ಪವಿರಾಮದಿಂದ ಬೇರೆಯಾದ ಅಂಕಿಗಳು ಓಡುತ್ತಿರುತ್ತವೆ. ಮೊದಲು ಸಮಯ, ಆಮೇಲೆ ಅಕ್ಷಾಂಶ, ರೇಖಾಂಶ. ರೇಖಾಂಶದ ಪಕ್ಕ ಪೂರ್ವ ಸೂಚಿಸುವ ಒಂದು ಅಕ್ಷರ, ಅದರ ಮುಂದೆ ಒಂಟಿ ಅಂಕಿ. ಕಣ್ಣಿಡಬೇಕಾದ್ದು ಆ ಒಂಟಿ ಅಂಕಿಯ ಮೇಲೆ: 0 ಎಂದರೆ ಸ್ಥಾನವೇ ಇಲ್ಲ, 1 ಎಂದರೆ ಸಿಂಗಲ್, 2 ಎಂದರೆ ಮೀಟರ್ ಮಟ್ಟದ ತಿದ್ದುಪಡಿ, 5 ಎಂದರೆ ಫ್ಲೋಟ್, 4 ಎಂದರೆ ಫಿಕ್ಸ್. ಅದರ ಮುಂದಿನದು ಉಪಗ್ರಹಗಳ ಸಂಖ್ಯೆ. ಸಾಲಿನ ಕೊನೆಯಲ್ಲಿ ತಿದ್ದುಪಡಿಯ ವಯಸ್ಸು, ಠಾಣೆಯ ಸಂಖ್ಯೆ. ಆ ಎರಡು ಜಾಗ ಖಾಲಿ ಇದ್ದರೆ ತಿದ್ದುಪಡಿ ರಿಸೀವರಿನ ಒಳಗೆ ತಲುಪಿಯೇ ಇಲ್ಲ.

ಬೈಟ್ ಏರುತ್ತಿದೆ, ವಯಸ್ಸು ಮಾತ್ರ ಖಾಲಿ ಎಂದರೆ ಎರಡು ಕಾರಣ. ಫೋನಿಗೆ ಬಂದದ್ದನ್ನು ಆ್ಯಪ್ ರಿಸೀವರಿಗೆ ದಾಟಿಸುತ್ತಿಲ್ಲ, ಇಲ್ಲವೇ ರಿಸೀವರಿಗೆ ಆ ಭಾಷೆ ತಿಳಿಯುತ್ತಿಲ್ಲ. ಈಗಿನ ತಿದ್ದುಪಡಿ ಆರ್‌ಟಿಸಿಎಂ 3 ಎಂಬ ಸಂದೇಶ ಭಾಷೆಯ ಎಂಎಸ್‌ಎಂ ರೂಪದಲ್ಲಿ ಬರುತ್ತದೆ: ಜಿಪಿಎಸ್‌ಗೆ 1074 ಅಥವಾ 1077, ಗ್ಲೋನಾಸ್‌ಗೆ 1084 ಅಥವಾ 1087, ಗೆಲಿಲಿಯೋಗೆ 1094 ಅಥವಾ 1097, ಬೈಡೋಗೆ 1124 ಅಥವಾ 1127. ಠಾಣೆಯ ಜಾಗ ಹೇಳುವ ಸಂದೇಶ 1005 ಅಥವಾ 1006. ಹಳೆಯ ರಿಸೀವರಿಗೆ ಎಂಎಸ್‌ಎಂ ಗೊತ್ತಿರದಿದ್ದರೆ ಫರ್ಮ್‌ವೇರ್ ಹೊಸದು ಮಾಡಿ. ಹಾಗೆಯೇ ರಿಸೀವರ್ ‘ರೋವರ್’ ಮೋಡಿನಲ್ಲಿದೆಯೇ, ಹಿಂದಿನ ಕೆಲಸದ ‘ಸ್ಟ್ಯಾಟಿಕ್’ ಅಥವಾ ‘ಬೇಸ್’ನಲ್ಲೇ ಉಳಿದಿದೆಯೇ ನೋಡಿ.

ಡೇಟಾ ಖರ್ಚಿಗೆ ಹೆದರಬೇಡಿ. ನಾಲ್ಕೂ ಉಪಗ್ರಹ ವ್ಯವಸ್ಥೆಯ ತಿದ್ದುಪಡಿ ಸೆಕೆಂಡಿಗೊಮ್ಮೆ ಬಂದರೂ ಗಂಟೆಗೆ 2ರಿಂದ 4 ಎಂಬಿ ದಾಟುವುದು ಅಪರೂಪ. ಬೇಕಾದ್ದು ವೇಗವಲ್ಲ, ಕಡಿಯದ ಸಂಪರ್ಕ. ಬಯಲಿನಲ್ಲಿ ಎಲ್ಲ ಸರಿ ಇದ್ದರೆ ಅರ್ಧ ನಿಮಿಷದೊಳಗೆ ಫಿಕ್ಸ್ ಬರಬೇಕು. ಬಂದ ಕೂಡಲೇ ಕೆಲಸಕ್ಕೆ ಇಳಿಯಬೇಡಿ. ಮೊದಲೇ ಗೊತ್ತಿರುವ ಒಂದು ಗುರುತಿನ ಮೇಲೆ ಕೋಲು ಊರಿ, 3 ಸೆಂ.ಮೀ. ಒಳಗೆ ಕೂಡುತ್ತದೆಯೇ ನೋಡಿ. ಉಪಗ್ರಹ ಅಲೆಗಳ ಪೂರ್ಣಸಂಖ್ಯೆಯನ್ನು ರಿಸೀವರ್ ತಪ್ಪಾಗಿ ಎಣಿಸಿ ಫಿಕ್ಸ್ ಎಂದು ಹೇಳುವುದುಂಟು, ವಿಶೇಷವಾಗಿ ಗಿಡದ ಅಂಚಿನಲ್ಲಿ, ತಗಡಿನ ಶೆಡ್ಡಿನ ಪಕ್ಕ, ಶಹಾಬಾದ್ ಕಲ್ಲಿನ ಗಣಿಯ ಗೋಡೆ ಬುಡದಲ್ಲಿ. ಆ ತಪ್ಪು ಡೆಸಿಮೀಟರುಗಳಲ್ಲಿ ಇರುತ್ತದೆ, ಪರದೆ ಮಾತ್ರ 1 ಸೆಂ.ಮೀ. ಅಂತಲೇ ತೋರಿಸುತ್ತದೆ. ಅನುಮಾನ ಬಂದರೆ ಸಂಪರ್ಕ ಕಡಿದು, ಹೊಸದಾಗಿ ಫಿಕ್ಸ್ ತಂದು, ಅದೇ ಬಿಂದುವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ (ಶಹಾಪುರ): ನಮ್ಮದೇ ಬೇಸ್ (ಒಂದೇ ಕಡೆ ನಿಂತು ರೋವರಿಗೆ ತಿದ್ದುಪಡಿ ಕಳಿಸುವ ರಿಸೀವರ್) ಇಟ್ಟು ಒಂದು ಲೇಔಟ್ ಅಳೆದೆವು. ವಾರದ ನಂತರ ಅದೇ ಜಾಗದಲ್ಲಿ ಬೇಸ್ ಇಟ್ಟರೆ ಎಲ್ಲ ಕಲ್ಲುಗಳೂ 1.7 ಮೀಟರ್ ಸರಿದಂತೆ ಬಂತು. ಎರಡೂ ದಿನ ಫಿಕ್ಸ್ ಇತ್ತು. ಮಷೀನ್ ಕೆಟ್ಟಿದೆಯೇ?

ಉತ್ತರ: ಮಷೀನ್ ಚೆನ್ನಾಗಿದೆ. ಬೇಸ್ ಶುರು ಮಾಡುವಾಗ ‘ಹಿಯರ್’ ಅಥವಾ ‘ಸರಾಸರಿ’ ಗುಂಡಿ ಒತ್ತಿದ್ದೀರಿ. ಆಗ ಬೇಸ್ ತಿದ್ದುಪಡಿಯಿಲ್ಲದ ತನ್ನ ಸಿಂಗಲ್ ಸ್ಥಾನವನ್ನೇ ಸತ್ಯ ಎಂದು ಹಿಡಿಯುತ್ತದೆ. ಅದು ದಿನಕ್ಕೊಂದು ಕಡೆ ಒಂದರಿಂದ ಮೂರು ಮೀಟರ್ ಸರಿಯುವುದು ಸಹಜ. ರೋವರ್ ಅಳೆಯುವುದು ಬೇಸ್‌ನಿಂದ ತನಗಿರುವ ಅಂತರವನ್ನು. ಆ ಅಂತರ ಎರಡೂ ದಿನ ಸರಿಯೇ ಇದೆ, ಬೇಸ್ ಕೂತ ಜಾಗದ ಅಂಕಿ ಮಾತ್ರ ಬದಲಾಗಿದೆ.

ಮಾಡಿದ ಕೆಲಸ ಹಾಳಾಗಿಲ್ಲ. ದೂರದೂರದ ಎರಡು ಮೂರು ಕಲ್ಲುಗಳ ಹಳೆ ಹೊಸ ಅಂಕಿಗಳ ವ್ಯತ್ಯಾಸ ತೆಗೆಯಿರಿ. ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು. ಎಲ್ಲ ಕಲ್ಲಿಗೂ 2–3 ಸೆಂ.ಮೀ. ಒಳಗೆ ಒಂದೇ ಬಂದರೆ ಇಡೀ ಕೆಲಸವನ್ನು ಅಷ್ಟು ಸರಿಸಿದರೆ ಸಾಕು. ಒಂದೊಂದಕ್ಕೆ ಒಂದೊಂದು ಬಂದರೆ ಬೇರೆ ತಪ್ಪು ಇದೆ, ಮತ್ತೆ ಅಳೆಯಿರಿ. ಇನ್ನು ಮುಂದೆ ಬೇಸ್ ಬಿಂದುವನ್ನು ಮೊದಲು ಕಾರ್ಸ್‌ಗೆ ಕಟ್ಟಿ, ಆ ಅಂಕಿಯನ್ನು ಕೈಯಿಂದ ನಮೂದಿಸಿಯೇ ಬೇಸ್ ಶುರು ಮಾಡಿ.

ಬಿಂದು ಎಲ್ಲಿ ನೆಡುತ್ತೀರಿ ಎಂಬುದೂ ಮುಖ್ಯ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದೂವರೆ ಅಡಿ ಕಬ್ಬಿಣದ ಸರಳು ನೆಟ್ಟರೆ ಮಣ್ಣಿನ ಜೊತೆ ಅದೂ ಎದ್ದು ಕೂರುತ್ತದೆ, ವಾಲುತ್ತದೆ. ಯಾದಗಿರಿ, ಶಹಾಪುರದ ಸುತ್ತ ಗ್ರಾನೈಟ್ ಬಂಡೆಗೆ ಬರವಿಲ್ಲ, ಅದಕ್ಕೇ ರಂಧ್ರ ಕೊರೆದು ಸ್ಟೀಲ್ ಮೊಳೆ ಕೂರಿಸಿ. ಬಂಡೆ ಇಲ್ಲದಿದ್ದರೆ ಹಳೆಯ ಗಟ್ಟಿ ಸೇತುವೆಯ ಕಟ್ಟೆ, ಆಳದ ಅಡಿಪಾಯದ ಕಾಂಕ್ರೀಟ್ ಒಳ್ಳೆಯದು.

ಇದೇ ರೀತಿಯ ಇನ್ನೊಂದು ಗೊಂದಲ ಈಗೀಗ ಹೆಚ್ಚುತ್ತಿದೆ. ಉಪಗ್ರಹದಿಂದಲೇ ನೇರ ತಿದ್ದುಪಡಿ ಪಡೆಯುವ ಪಿಪಿಪಿ ಸೇವೆಗಳು ಸಾಮಾನ್ಯವಾಗಿ ಇವತ್ತಿನ ದಿನದ ಸ್ಥಾನ ಕೊಡುತ್ತವೆ. ಕಾರ್ಸ್ ಜಾಲ ಯಾವುದೋ ಒಂದು ನಿಗದಿತ ವರ್ಷದ ಸ್ಥಾನಕ್ಕೆ ಕಟ್ಟಿಕೊಂಡಿರುತ್ತದೆ. ನಮ್ಮ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಹತ್ತು ವರ್ಷಕ್ಕೆ ಅರ್ಧ ಮೀಟರ್. ಒಂದೇ ಕೆಲಸದಲ್ಲಿ ಎರಡನ್ನೂ ಬೆರೆಸಬೇಡಿ. ಯಾವ ಸೇವೆ, ಯಾವ ಮೌಂಟ್‌ಪಾಯಿಂಟ್, ಯಾವ ಚೌಕಟ್ಟು, ಯಾವ ವರ್ಷ ಎಂದು ಪ್ರತಿ ಕಡತದ ಮೇಲೆ ಬರೆದಿಡಿ.

ಪ್ರಶ್ನೆ (ಬೀದರ್): ಪ್ಲಾಟಿನ ಒಂದು ಅಂಚು ಟೇಪಿನಲ್ಲಿ 400 ಮೀಟರ್, ರೋವರಿನಲ್ಲಿ 400.15. ಕೋನ, ಅಂತರ ಅಳೆಯುವ ಟೋಟಲ್ ಸ್ಟೇಷನ್ನೂ ಟೇಪಿನ ಪರವೇ ಇದೆ. ಕಲಬುರಗಿಯ ಗೆಳೆಯರಿಗೆ ಇದೇ ರೋವರಿನಲ್ಲಿ ಈ ತೊಂದರೆ ಇಲ್ಲವಂತೆ. ಯಾಕೆ?

ಉತ್ತರ: ನಿಮ್ಮ ಮೂರೂ ಉಪಕರಣ ಸರಿಯಾಗಿವೆ. ರೋವರ್ ತೋರಿಸಿದ್ದು ನೆಲದ ಅಂತರವಲ್ಲ, ಭೂಮಿಯನ್ನು ವಲಯ ವಲಯವಾಗಿ ಚಪ್ಪಟೆ ಮಾಡುವ ಯುಟಿಎಂ ಎಂಬ ನಕ್ಷೆಯ ಮೇಲಿನ ಅಂತರ. ಉಬ್ಬಿದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತಂದಾಗ ಎಲ್ಲೋ ಹಿಗ್ಗಬೇಕು, ಎಲ್ಲೋ ಕುಗ್ಗಬೇಕು. ನಮ್ಮ ಮೂರೂ ಜಿಲ್ಲೆಗಳು ಯುಟಿಎಂ 43ನೇ ವಲಯದಲ್ಲಿವೆ, ಅದರ ನಡುರೇಖೆ 75 ಡಿಗ್ರಿ ಪೂರ್ವ. ನಡುರೇಖೆಯ ಮೇಲೆ ನಕ್ಷೆ ಕಿಲೋಮೀಟರಿಗೆ 40 ಸೆಂ.ಮೀ. ಕುಗ್ಗಿರುತ್ತದೆ. ಎರಡೂ ಕಡೆ ಸುಮಾರು 180 ಕಿ.ಮೀ. ಸರಿದಾಗ ಸಮವಾಗುತ್ತದೆ. ಅದರಾಚೆ ಹಿಗ್ಗುತ್ತ ಹೋಗುತ್ತದೆ. ಇದರ ಮೇಲೆ, ಎಲಿಪ್ಸಾಯ್ಡ್ ಎಂಬ ಭೂಮಿಯ ಆಕಾರದ ಗಣಿತದ ಮೇಲ್ಮೈಗಿಂತ ನೆಲ ಎತ್ತರದಲ್ಲಿರುವುದರಿಂದ ಇನ್ನೊಂದು ಸಣ್ಣ ಕುಗ್ಗುವಿಕೆ ಸೇರುತ್ತದೆ.

ಲೆಕ್ಕ ಹಾಕಿ ನೋಡಿ. ಕಲಬುರಗಿ ನಡುರೇಖೆಯಿಂದ ಸುಮಾರು 195 ಕಿ.ಮೀ. ಪೂರ್ವಕ್ಕಿದೆ. ಅಲ್ಲಿ ಹಿಗ್ಗು ಕಿಲೋಮೀಟರಿಗೆ ಸುಮಾರು 7 ಸೆಂ.ಮೀ., ಎತ್ತರದ ಕುಗ್ಗು ಸುಮಾರು 6 ಸೆಂ.ಮೀ. ಒಂದನ್ನೊಂದು ನುಂಗಿ ಉಳಿಯುವುದು ಸೆಂಟಿಮೀಟರಿನ ಆಸುಪಾಸು. ಊರು ಆ ಜಾಗದಲ್ಲಿರುವುದರಿಂದ ಕಲಬುರಗಿಯವರಿಗೆ ಈ ಸಮಸ್ಯೆ ಕಾಣುವುದೇ ಇಲ್ಲ. ಯಾದಗಿರಿ ಪಟ್ಟಣ 228 ಕಿ.ಮೀ. ದೂರ, ಅಲ್ಲಿ ನಿವ್ವಳ ಹಿಗ್ಗು ಕಿಲೋಮೀಟರಿಗೆ ಸುಮಾರು 19 ಸೆಂ.ಮೀ. ಬೀದರ್ 267 ಕಿ.ಮೀ. ದೂರ, ಅಲ್ಲಿ ಸುಮಾರು 38 ಸೆಂ.ಮೀ. ನಿಮ್ಮ 400 ಮೀಟರಿಗೆ ಅದು 15 ಸೆಂ.ಮೀ. ಆಗುತ್ತದೆ, ನೀವು ಕಂಡದ್ದೂ ಅಷ್ಟೇ.

ವಿಸ್ತೀರ್ಣದಲ್ಲಿ ಇದು ದುಪ್ಪಟ್ಟಾಗುತ್ತದೆ. ಬೀದರಿನಲ್ಲಿ 10 ಎಕರೆಗೆ ಸುಮಾರು 31 ಚದರ ಮೀಟರ್ ಹೆಚ್ಚು ತೋರುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಚೌಕ, 101 ಚದರ ಮೀಟರ್. ಅಂದರೆ ಗುಂಟೆಯ ಮೂರನೇ ಒಂದು ಪಾಲು. ಹೊಲದಲ್ಲಿ ಇದನ್ನು ಯಾರೂ ಕೇಳಲಿಕ್ಕಿಲ್ಲ, ನಗರದ ಪ್ಲಾಟಿನಲ್ಲಿ ಖಂಡಿತ ಕೇಳುತ್ತಾರೆ.

ಮಾಡಬೇಕಾದ್ದು: ಆ್ಯಪ್‌ನಲ್ಲಿ ಅಂತರ ಮತ್ತು ವಿಸ್ತೀರ್ಣವನ್ನು ‘ಗ್ರಿಡ್’ ಬದಲು ‘ಗ್ರೌಂಡ್’ಗೆ ಬದಲಿಸಿ. ಇಡೀ ಲೇಔಟನ್ನೇ ನೆಲದ ಅಳತೆಯಲ್ಲಿ ಗುರುತು ಹಾಕಬೇಕಿದ್ದರೆ ಕೆಲಸಕ್ಕೊಂದು ಸ್ಥಳೀಯ ಟ್ರಾನ್ಸ್‌ವರ್ಸ್ ಮರ್ಕೇಟರ್ ಮಾಡಿಕೊಳ್ಳಿ: ನಡುರೇಖೆ 77 ಡಿಗ್ರಿ 30 ಮಿನಿಟ್, ಮಾಪಕಾಂಶ (ಸ್ಕೇಲ್ ಫ್ಯಾಕ್ಟರ್) 1ಕ್ಕೆ ಎತ್ತರವನ್ನು ಭೂತ್ರಿಜ್ಯದಿಂದ ಭಾಗಿಸಿ ಕೂಡಿಸಿದ್ದು. ರೋವರ್ ತೋರಿಸುವ ಎಲಿಪ್ಸಾಯ್ಡ್ ಎತ್ತರ 580 ಮೀಟರ್ ಇದ್ದರೆ 1.000091. ಪೂರ್ವ ಉತ್ತರದ ಆರಂಭದ ಅಂಕಿಗಳನ್ನು ಯುಟಿಎಂಗಿಂತ ಬೇರೆಯಾಗಿಯೇ ಇಡಿ, ಇಲ್ಲದಿದ್ದರೆ ಮುಂದೆ ಯಾರೋ ಇದನ್ನು ಯುಟಿಎಂ ಎಂದೇ ತಿಳಿದು ಡ್ರೋನ್ ನಕ್ಷೆಯ ಮೇಲೆ ಹೇರುತ್ತಾರೆ.

ಪ್ರಶ್ನೆ (ಚಿಂಚೋಳಿ): ಗುಡ್ಡದ ಕಡೆ ಮೊಬೈಲ್ ಸಿಗ್ನಲ್ಲೇ ಇಲ್ಲ. ಕಾರ್ಸ್ ಉಪಯೋಗ ನಮಗಿಲ್ಲವೇ?

ಉತ್ತರ: ಇದೆ. ತಿದ್ದುಪಡಿ ಆಗಿಂದಾಗಲೇ ಬೇಕೆಂದೇನಿಲ್ಲ. ಎದುರುಬದುರು ಕಾಣುವ ಎರಡು ಬಿಂದು ನೆಟ್ಟು, ಟ್ರೈಪಾಡ್ ಮೇಲೆ ರಿಸೀವರ್ ಇಟ್ಟು ‘ಸ್ಟ್ಯಾಟಿಕ್’ನಲ್ಲಿ ದಾಖಲಿಸಿ. ಹತ್ತಿರದ ಠಾಣೆ 20 ಕಿ.ಮೀ. ಒಳಗಿದ್ದರೆ 40 ನಿಮಿಷ, 50 ಕಿ.ಮೀ. ಇದ್ದರೆ ಎರಡು ಗಂಟೆ ಕೊಡಿ. ಆಮೇಲೆ ಆ ಠಾಣೆಯ ರೈನೆಕ್ಸ್ ಕಡತ, ಅಂದರೆ ಅದು ದಾಖಲಿಸಿಟ್ಟ ಉಪಗ್ರಹ ಅಳತೆಗಳನ್ನು, ಇಳಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ. ಬಿಂದುಗಳಿಗೆ ಸ್ಥಾನ ಸಿಕ್ಕ ಮೇಲೆ ಗಿಡಗಳ ನಡುವೆ ಟೋಟಲ್ ಸ್ಟೇಷನ್ ಓಡಿಸಿ, ಬಯಲಿದ್ದರೆ ನಿಮ್ಮದೇ ಬೇಸ್ ಇಟ್ಟು ರೇಡಿಯೋ ಮೂಲಕ ತಿದ್ದುಪಡಿ ಕಳಿಸಿ. ಯುಎಚ್‌ಎಫ್ ರೇಡಿಯೋಗೆ ತರಂಗಾಂತರದ ಪರವಾನಗಿ ಬೇಕು, ಅಭಯಾರಣ್ಯದ ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಇಲ್ಲಿ ಎಡವುವುದು ಎರಡು ಕಡೆ. ಒಂದು ಸಮಯ: ರೈನೆಕ್ಸ್ ಕಡತಗಳು ನಮ್ಮ ಗಡಿಯಾರದಲ್ಲಿಲ್ಲ, ಐದೂವರೆ ಗಂಟೆ ಹಿಂದಿವೆ. ಬೆಳಿಗ್ಗೆ 10.10ರಿಂದ 11.20ರವರೆಗೆ ದಾಖಲಿಸಿದ್ದರೆ ಅಲ್ಲಿ 4.40ರಿಂದ 5.50. ಗಂಟೆಗೊಂದು ಕಡತವಿದ್ದರೆ 4 ಮತ್ತು 5ನೇ ಗಂಟೆಯ ಎರಡನ್ನೂ ಇಳಿಸಬೇಕು. ಇನ್ನೊಂದು ಆಂಟೆನಾ ಎತ್ತರ: ಟ್ರೈಪಾಡ್ ಕೆಳಗಿನ ಗುರುತಿನಿಂದ ಓರೆಯಾಗಿ ಅಳೆದಿರೋ ನೇರವಾಗಿಯೋ, ರಿಸೀವರಿನ ಯಾವ ಅಂಚಿಗೆ ಅಳೆದಿರಿ, ಕಾಗದದ ಮೇಲೆ ಒಂದು ಚಿತ್ರ ಬರೆದಿಡಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಶುರುವಿನಲ್ಲೊಮ್ಮೆ, ಮುಗಿಸುವಾಗ ಇನ್ನೊಮ್ಮೆ ಅಳೆಯಿರಿ.

ಪ್ರಶ್ನೆ (ಜೇವರ್ಗಿ): ಬೆಳಿಗ್ಗೆ ಹತ್ತು ಸೆಕೆಂಡಿಗೆ ಫಿಕ್ಸ್ ಬರುತ್ತದೆ. ಮಧ್ಯಾಹ್ನ ಫ್ಲೋಟ್‌ನಲ್ಲೇ ಒದ್ದಾಡುತ್ತದೆ, ಸಂಜೆಯ ಮೇಲಂತೂ ಬಂದ ಫಿಕ್ಸ್ ಹೋಗುತ್ತದೆ. ಆಕಾಶ ತೆರೆದೇ ಇದೆ.

ಉತ್ತರ: ಮೋಡ ಮಳೆ ಇದಕ್ಕೆ ಕಾರಣವಲ್ಲ. ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ಬಿಸಿಲಿನಿಂದ ಎಲೆಕ್ಟ್ರಾನುಗಳು ಹೆಚ್ಚುತ್ತವೆ, ಉಪಗ್ರಹ ಸಂಕೇತ ಅಲ್ಲಿ ತಡವಾಗುತ್ತದೆ. ಮಧ್ಯಾಹ್ನ 12ರಿಂದ 4ರವರೆಗೆ ಇದು ಜೋರು. ಠಾಣೆಯ ಮೇಲಿನ ಅಯಾನುಗೋಳವೂ ನಿಮ್ಮ ತಲೆಯ ಮೇಲಿನದೂ ಒಂದೇ ಇದ್ದರೆ ತಪ್ಪು ಅಳಿಸಿಹೋಗುತ್ತದೆ, ದೂರವಾದಷ್ಟೂ ಬೇರೆಬೇರೆ. ನಾವು ಭೂಕಾಂತೀಯ ಸಮಭಾಜಕದ ಹತ್ತಿರ ಇರುವವರು. ಸೂರ್ಯಾಸ್ತದ ನಂತರ ಸುಮಾರು ಏಳೂವರೆಯಿಂದ ನಡುರಾತ್ರಿವರೆಗೆ ಆ ಪದರ ಗುಳ್ಳೆಗುಳ್ಳೆಯಾಗಿ ಒಡೆದು ಸಂಕೇತ ಮಿನುಗುತ್ತದೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇದು ಹೆಚ್ಚು.

ಮೌಂಟ್‌ಪಾಯಿಂಟ್ ಒಂಟಿ ಠಾಣೆಯದಿದ್ದರೆ ವಿಆರ್‌ಎಸ್‌ಗೆ ಬದಲಿಸಿ. ಒಂಟಿ ಠಾಣೆಯಲ್ಲಿ ತಪ್ಪು ಸಾಮಾನ್ಯವಾಗಿ 8 ಮಿ.ಮೀ. ಜೊತೆಗೆ ಪ್ರತಿ ಕಿಲೋಮೀಟರಿಗೆ 1 ಮಿ.ಮೀ., 30 ಕಿ.ಮೀ. ದೂರಕ್ಕೆ ಸುಮಾರು 4 ಸೆಂ.ಮೀ.; ಅದೂ ಒಳ್ಳೆಯ ಹೊತ್ತಿನಲ್ಲಿ. ಉಪಗ್ರಹ ಕೋನದ ಕೆಳಮಿತಿ 15 ಡಿಗ್ರಿ ಇಡಿ, ಗೆಲಿಲಿಯೋ, ಬೈಡೋ ಆಫ್ ಆಗಿದ್ದರೆ ಆನ್ ಮಾಡಿ. ಬಾಂದುಕಲ್ಲಿನಂಥ ಮುಖ್ಯ ಬಿಂದುಗಳನ್ನು ಬೆಳಿಗ್ಗೆ 7ರಿಂದ 11ರೊಳಗೆ ಮುಗಿಸಿ. ಮೇ ತಿಂಗಳ ನಮ್ಮ ಬಿಸಿಲಿಗೆ ಮಧ್ಯಾಹ್ನ ಫೋನು ಕೂಡ ಕಾದು ತಾನೇ ಆಫ್ ಆಗುತ್ತದೆ, ಅದಕ್ಕೊಂದು ನೆರಳು ಕಟ್ಟಿ.

ಪ್ರಶ್ನೆ (ಸುರಪುರ): ರೋವರ್ ಎತ್ತರ 310 ಮೀಟರ್ ಅನ್ನುತ್ತದೆ, ಹಳೆ ಟೋಪೋಶೀಟಿನಲ್ಲಿ ಅದೇ ಜಾಗ 385. ಹೊಲಗಾಲುವೆಗೆ ಇಳಿಜಾರು ಇದರಲ್ಲೇ ಹಾಕಬಹುದೇ?

ಉತ್ತರ: ರೋವರ್ ಕೊಡುವುದು ಎಲಿಪ್ಸಾಯ್ಡ್ ಎಂಬ ಗಣಿತದ ಮೇಲ್ಮೈಯಿಂದ ಎತ್ತರ, ಟೋಪೋಶೀಟಿನದು ಸಮುದ್ರಮಟ್ಟದಿಂದ. ನಮ್ಮ ಭಾಗದಲ್ಲಿ ಸಮುದ್ರಮಟ್ಟದ ಮೇಲ್ಮೈ ಎಲಿಪ್ಸಾಯ್ಡಿಗಿಂತ ಸುಮಾರು 70–80 ಮೀಟರ್ ಕೆಳಗಿದೆ. ಆ್ಯಪ್‌ನಲ್ಲಿ ಈ ವ್ಯತ್ಯಾಸವನ್ನು ಜಾಗವಾರು ಕೊಡುವ ಇಜಿಎಂ 2008 ಜಿಯಾಯ್ಡ್ ಕಡತ ಹಾಕಿದರೆ ಹತ್ತಿರ ಬರುತ್ತದೆ. ಪೂರ್ತಿ ಕೂಡಬೇಕಾದರೆ ಹತ್ತಿರದ ಸರ್ವೆ ಬೆಂಚ್‌ಮಾರ್ಕ್ ಮೇಲೆ ರೋವರ್ ಇಟ್ಟು ಉಳಿದ ವ್ಯತ್ಯಾಸ ಕಂಡುಕೊಂಡು ಸೇರಿಸಿ.

ಕಾಲುವೆಯ ಮಾತೇ ಬೇರೆ. 5000ಕ್ಕೆ 1ರ ಇಳಿಜಾರು ಎಂದರೆ ಒಂದು ಕಿಲೋಮೀಟರಿಗೆ 20 ಸೆಂ.ಮೀ., ನೂರು ಮೀಟರಿಗೆ 2 ಸೆಂ.ಮೀ. ಮಾತ್ರ. ರೋವರಿನ ಎತ್ತರದಲ್ಲಿ 3 ಸೆಂ.ಮೀ. ಆಟ ಸಾಮಾನ್ಯ. ನೂರು ಮೀಟರಿಗೊಂದು ಗೂಟ ರೋವರಿನಲ್ಲಿ ಹಾಕಿದರೆ ನೀರು ಹಿಂದಕ್ಕೆ ಬರುವ ಜಾಗಗಳು ಸಿಕ್ಕೇ ಸಿಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಿಮ್ಮ ಹೊಲದ ಕೊನೆ ಮುಟ್ಟಬೇಕೆಂದರೆ ದಾರಿಯನ್ನು ರೋವರಿನಲ್ಲಿ ಗುರುತಿಸಿ, ಮಟ್ಟವನ್ನು ಆಟೋ ಲೆವೆಲ್ಲಿನಲ್ಲೇ ತೆಗೆಯಿರಿ, ಹೋದ ದಾರಿಯಲ್ಲೇ ವಾಪಸ್ ಬಂದು ಶುರುವಿನ ಅಂಕಿಗೇ ಕೂಡುತ್ತದೆಯೇ ನೋಡಿ.

ಪ್ರಶ್ನೆ (ಆಳಂದ): ತೊಗರಿ ಎದೆಯೆತ್ತರ ಬೆಳೆದಿದೆ. ಬೆಳೆಯೊಳಗೆ ಕೋಲು ನೇರ ನಿಲ್ಲಿಸುವುದು ಕಷ್ಟ. ವಾಲಿದರೆ ಎಷ್ಟು ತಪ್ಪು?

ಉತ್ತರ: 2 ಮೀಟರ್ ಕೋಲು ಒಂದೇ ಡಿಗ್ರಿ ವಾಲಿದರೆ ತುದಿ 3.5 ಸೆಂ.ಮೀ. ಸರಿಯುತ್ತದೆ. ಕೋಲಿನ ಮಟ್ಟ ತೋರಿಸುವ ಗುಂಡುಗುಳ್ಳೆ ನಡುವೆ ಇರಲೇಬೇಕು, ಬೈಪಾಡ್ ಬಳಸಿ. ತೊಗರಿಯ ಹಸಿ ಎಲೆ ಆಂಟೆನಾದ ಮೇಲೆ ಬರದಂತೆ ಕೋಲನ್ನು ಉದ್ದ ಮಾಡಿ, ಉದ್ದ ಮಾಡಿದ್ದನ್ನು ಆ್ಯಪ್‌ನಲ್ಲೂ ಬದಲಿಸಿ. 2 ಮೀಟರ್ ಅಂತ ಬರೆದು 2.5ರಲ್ಲಿ ಅಳೆದರೆ ಎತ್ತರ ಅರ್ಧ ಮೀಟರ್ ತಪ್ಪುತ್ತದೆ. ವಾಲಿದರೂ ಸರಿಪಡಿಸಿಕೊಳ್ಳುವ ಟಿಲ್ಟ್ ರೋವರ್ ಇದ್ದರೆ, ಆನ್ ಮಾಡಿದ ಮೇಲೆ ಕೆಲವು ಹೆಜ್ಜೆ ನಡೆದು ಅದು ಸಿದ್ಧ ಎಂದ ಮೇಲೆ ಓದಿ. ಕೋಲಿನ ತುದಿ ಸವೆದು ಗಿಡ್ಡಾಗಿದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ (ಹುಮನಾಬಾದ್): ರೋವರಿನಲ್ಲಿ ಅಳೆದು ನೋಡಿದರೆ ಪಕ್ಕದವರ ಒಡ್ಡು ನಮ್ಮ ಹೊಲದೊಳಗೆ ಎರಡು ಅಡಿ ಬಂದಿದೆ. ಇದನ್ನು ತೋರಿಸಿ ಒಡ್ಡು ಕೀಳಿಸಬಹುದೇ?

ಉತ್ತರ: ಬೇಡ. ರೋವರ್ ಹೇಳುವುದು ಈ ಒಡ್ಡು ಭೂಮಿಯ ಮೇಲೆ ಎಲ್ಲಿದೆ ಎಂದು. ಗಡಿ ಎಲ್ಲಿರಬೇಕು ಎಂದು ಹೇಳುವುದು ‘ಟಿಪ್ಪಣಿ’ ಎಂಬ ಹಳೆ ಮೋಜಣಿಯ ಅಳತೆ ದಾಖಲೆ ಮತ್ತು ಮೂಲ ಬಾಂದುಗಳು. ಹಳೆಯ ಮೋಜಣಿ ನಡೆದದ್ದು 33 ಅಡಿಯ ಸರಪಳಿಯಲ್ಲಿ, ಸರಪಳಿಗೆ 16 ಆಣೆ, ಅಂದರೆ ಒಂದು ಆಣೆಗೆ ಎರಡು ಅಡಿಗೂ ತುಸು ಹೆಚ್ಚು. ನೀವು ಹೇಳುವ ಎರಡು ಅಡಿ ಆ ಸರಪಳಿಯಲ್ಲಿ ಒಂದು ಆಣೆಯೂ ಆಗುವುದಿಲ್ಲ. ಸರ್ಕಾರದ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಭೂಮಾಪಕರು ಬಂದ ದಿನ ಇಬ್ಬರೂ ಕಡೆಯವರು ಹಾಜರಿರಿ, ಒಪ್ಪಿದ ಹಳೆ ಕಲ್ಲುಗಳ ಮೇಲೆ ನಿಮ್ಮ ರೋವರಿನ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ. ನಾಳೆ ಟ್ರ್ಯಾಕ್ಟರ್ ತಾಗಿ ಕಲ್ಲು ಕಿತ್ತುಹೋದರೆ ಅದು ಎಲ್ಲಿತ್ತೆಂದು ಆ ಅಂಕಿಗಳಿಂದ ತೋರಿಸಬಹುದು.